ನಾನು ಅಳಿಸಿದ ಹಕ್ಕಿಗಳನ್ನು ಹುಡುಕಿಕೊಂಡು ಶಿರಿಯಕ್ಕೆ

ಮೂರು ವರ್ಷ ನಾನು ನನ್ನ ತಂಗಿಗೆ ಒಂದು ನಿಜವನ್ನು ಹೇಳಲಿಲ್ಲ. ಹೇಳುವುದಕ್ಕೆ ಅಡ್ಡಿ ಏನೂ ಇರಲಿಲ್ಲ. ವಾರಕ್ಕೆರಡು ಸಲ ಅವಳೇ ಫೋನ್ ಮಾಡಿ, "ಅಣ್ಣಾ, ಊಟ ಆತ?" ಎಂದು ಕೇಳುತ್ತಿದ್ದಳು. ಮೆಣಸಿನಕಾಯಿ ಸುಗ್ಗಿ, ಓಣಿಯ ಜಗಳ, ಯಾರ ಮನೆಯಲ್ಲಿ ಮದುವೆ, ಎಲ್ಲ ಹೇಳುತ್ತಿದ್ದೆ. ಅದೊಂದನ್ನು ಬಿಟ್ಟು.

ಬ್ಯಾಡಗಿಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ರಸೀದಿ ಮತ್ತು ಆಲ್ಬಮ್ಮಿನ ಮೇಲಿನ ಮದುಮಕ್ಕಳ ಹೆಸರು ಬಿಟ್ಟರೆ ಬೇರೆ ಬರೆದವನಲ್ಲ. ಆದರೆ ಕೇರಳದಿಂದ ಬಂದ ಮೇಲೆ ಅಂಗಡಿಗೆ ಬಂದವರೆಲ್ಲ "ಪರದೇಶ ಹೆಂಗಿತ್ತು?" ಎಂದು ಕೇಳುತ್ತಿದ್ದಾರೆ. ಎಲ್ಲರಿಗೂ ಅರ್ಧರ್ಧ ಹೇಳಿ ಸಾಕಾಗಿದೆ. ಪೂರ್ತಿ ಇಲ್ಲಿ ಬರೆದುಬಿಡುತ್ತೇನೆ.

ನಮ್ಮ ಮನೆಯಲ್ಲಿ ಓದಿದವಳು ತಂಗಿ ಸುಮಂಗಲಾ. ಮಂಗಳೂರಿಗೆ ಹೋಗಿ ನರ್ಸಿಂಗ್ ಕಲಿತು, ಅಲ್ಲೇ ಕೆಲಸ ಹಿಡಿದು, ಕಾಸರಗೋಡು ಜಿಲ್ಲೆಯ ಶಿರಿಯದ ಹರೀಶನನ್ನು ಮದುವೆಯಾದಳು. ಹರೀಶ ದುಬೈಯಲ್ಲಿದ್ದಾನೆ, ವರ್ಷಕ್ಕೊಮ್ಮೆ ಬರುತ್ತಾನೆ. ಶಿರಿಯದ ಮನೆಯಲ್ಲಿ ಇದ್ದವರು ತಂಗಿ ಮತ್ತು ಅವಳ ಅತ್ತೆ ಸುಂದರಿಯಮ್ಮ. ಮನೆಯ ಹಿಂದೆಯೇ ಹೊಳೆ, ಹೊಳೆ ಮುಗಿಯುವಲ್ಲಿ ಕಡಲು. ಕಡಲು ಹಿಂದೆ ಸರಿದು ಹೊಳೆಯ ನೀರು ಇಳಿದಾಗ ಸುಂದರಿಯಮ್ಮ ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಕೆಸರಿನಲ್ಲಿ ಹುದುಗಿದ ಮರುವಾಯಿ ಎಂಬ ಚಿಪ್ಪನ್ನು ಪಾದದಿಂದ ತಡಕಿ ತೆಗೆಯುತ್ತಿದ್ದರು. ಅದೇ ಹೊತ್ತಿಗೆ ಹಕ್ಕಿಗಳೂ ಮೇಯಲು ಬರುತ್ತಿದ್ದವು. ಗಂಡ ತಂದುಕೊಟ್ಟ ಕ್ಯಾಮೆರಾ ಹಿಡಿದು ತಂಗಿ ಮರಳದಿಣ್ಣೆಯ ಮೇಲೆ ಕೂರುತ್ತಿದ್ದಳು.

ಸುಂದರಿಯಮ್ಮನಿಗೆ ಮುಂದಿನ ಒಂದು ಹಲ್ಲು ಇರಲಿಲ್ಲ. ಕ್ಯಾಮೆರಾ ಕಂಡರೆ ಕೈ ಬಾಯಿಗೆ ಹೋಗುತ್ತಿತ್ತು. ಒಂದು ದಿನ ಎರಡೂ ಕೈಯಲ್ಲಿ ಮರುವಾಯಿ ತುಂಬಿಕೊಂಡಿದ್ದಾಗ ಪಕ್ಕದ ಬೆಳ್ಳಕ್ಕಿಯ ಬಾಯಿಂದ ಮೀನು ಜಾರಿತಂತೆ. ಬಾಯಿ ಮುಚ್ಚಲು ಕೈ ಇಲ್ಲ, ನಗು ತಡೆಯಲಾಗಲಿಲ್ಲ. ತಂಗಿ ಆ ನಗುವನ್ನು ಹಿಡಿದುಬಿಟ್ಟಳು. ಎರಡು ಚಳಿಗಾಲದಲ್ಲಿ ತೆಗೆದ ಹಕ್ಕಿಗಳೂ ಆ ಒಂದು ನಗುವೂ ಇದ್ದ ಮೆಮೊರಿ ಕಾರ್ಡನ್ನು ನನಗೆ ಕಳಿಸಿ, "ಅದೊಂದು ದೊಡ್ಡದು ಮಾಡಿ ಕೊಡಣ್ಣಾ. ಅತ್ತೀಗೆ ಇನ್ನೂ ಹೇಳಿಲ್ಲ" ಎಂದಳು.

ಕಾರ್ಡು ತೆರೆದು ನೋಡಿದೆ. ಮೊಣಕಾಲು ನೀರಿನಲ್ಲಿ ನಿಂತ ಮುದುಕಿ, ಸುತ್ತ ಬಿಳಿ ಹಕ್ಕಿಗಳು, ಹಿಂದೆ ತೆಂಗಿನ ಸಾಲು. ಇಪ್ಪತ್ತೈದು ವರ್ಷದಿಂದ ಫೋಟೋ ತೆಗೆಯುವ ನಾನು ಅಂಥದ್ದೊಂದು ತೆಗೆದಿಲ್ಲ ಎಂದು ಗೊತ್ತಾಯಿತು. ಗೊತ್ತಾದದ್ದು ನನಗೆ ಹಿಡಿಸಲಿಲ್ಲ. ಮದುವೆ ಸೀಸನ್ ಮುಗಿಯಲಿ ಎಂದು ಕಾರ್ಡನ್ನು ಮೇಜಿನ ಮೇಲಿನ ಡಬ್ಬಿಗೆ ಹಾಕಿದೆ. ಅದು ಖಾಲಿ ಕಾರ್ಡುಗಳ ಡಬ್ಬಿ. ಎರಡು ದಿನದ ಮದುವೆಗೆ ಹೊರಡುವಾಗ ಅದರಿಂದಲೇ ನಾಲ್ಕು ಕಾರ್ಡು ತೆಗೆದು, ಒಂದೊಂದಾಗಿ ಕ್ಯಾಮೆರಾಕ್ಕೆ ಹಾಕಿ ಫಾರ್ಮ್ಯಾಟ್ ಒತ್ತಿದೆ. ಹಾಗೆಂದರೆ ಪಾಟಿ ಒರೆಸಿದಂತೆ. ನಮ್ಮ ಕಸುಬಿನವರಿಗೆ ಇದು ಚಪ್ಪಲಿ ಮೆಟ್ಟಿದಷ್ಟೇ ರೂಢಿ, ಕೈ ತಾನೇ ಮಾಡುತ್ತದೆ. ಒರೆಸಿದ್ದರ ಮೇಲೆ ಎರಡು ದಿನ ಅರಿಶಿನ, ಅಕ್ಷತೆ, ಪಂಕ್ತಿ ಊಟ ತುಂಬಿದೆ.

ಆ ನಾಲ್ಕರಲ್ಲಿ ತಂಗಿಯ ಕಾರ್ಡೂ ಇತ್ತೆಂದು ಗೊತ್ತಾದ ದಿನ ಅವಳಿಗೆ ಹೇಳಿದ್ದು ಇಷ್ಟು: "ಕಾರ್ಡು ಕೆಟ್ಟು ಬಂದೈತವಾ. ತೆರೀಲೇ ಇಲ್ಲ."

"ಅಯ್ಯ, ನಂದೇ ತಪ್ಪಣ್ಣಾ," ಎಂದಳು. "ಹೊಳಿಯಿಂದ ಬರುವಾಗ ಒದ್ದೆ ಕಿಸೇದಾಗ ಇಟ್ಕೊಂಡಿದ್ದೆ."

"ಇರಬೇಕು," ಎಂದೆ.

ಸುಂದರಿಯಮ್ಮ ಹೋದ ವರ್ಷ ತೀರಿಕೊಂಡರು. ಹದಿಮೂರನೆಯ ದಿನಕ್ಕೆ ಇಡಲು, ಬಾಯಿಗೆ ಕೈ ಇಲ್ಲದ ಒಂದು ಫೋಟೋ ಮನೆಯಲ್ಲಿ ಇರಲಿಲ್ಲ. ಮತದಾರರ ಗುರುತಿನ ಚೀಟಿಯ ಚಿತ್ರ ಕಳಿಸಿದರು. ಅದನ್ನು ದೊಡ್ಡದು ಮಾಡಿ, ಸುಕ್ಕು ತೆಗೆದು, ಬಣ್ಣ ತಿಳಿ ಮಾಡಿ, ಕೆಂಪು ರೇಷ್ಮೆ ಸೀರೆ ಉಡಿಸಿ, ಚೌಕಟ್ಟು ಹಾಕಿಸಿ ಬಸ್ಸಿನಲ್ಲಿ ಕಳಿಸಿದವನು ನಾನೇ. ನಾನು ಮಾತ್ರ ಹೋಗಲಿಲ್ಲ. ತಂಗಿಯ ಮದುವೆಯಾಗಿ ಎಂಟು ವರ್ಷವಾದರೂ ಶಿರಿಯದ ಮನೆಯನ್ನೇ ನೋಡಿರಲಿಲ್ಲ.

ಈ ಜನವರಿಗೆ ಸುಂದರಿಯಮ್ಮ ಹೋಗಿ ವರ್ಷ ತುಂಬಿತು. ಹರೀಶ ರಜೆ ಹಾಕಿ ಬಂದಿದ್ದ. "ಈ ಸಲಾನೂ ಬರಲಿಲ್ಲಂದ್ರ ಮಾತಾಡಸಬ್ಯಾಡ," ಎಂದಳು ತಂಗಿ. ಎದುರಿಗೇ ಹೇಳಿಬಿಡುತ್ತೇನೆ ಎಂದು ಹೊರಟೆ. ಚೀಲದಲ್ಲಿ ಕ್ಯಾಮೆರಾ, ಐವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಲಕೋಟೆ. ಅಳಿಸಿದ ತಿಂಗಳೇ ಆ ಕಾರ್ಡನ್ನು ಹುಬ್ಬಳ್ಳಿಯ ಕಂಪ್ಯೂಟರಿನವರೊಬ್ಬರಿಗೆ ಕೊಟ್ಟು ಏನಾದರೂ ಸಿಗುತ್ತದೆಯೇ ನೋಡಿಸಿದ್ದೆ. ಆ ನಗುವಿನ ಫೋಟೋದಲ್ಲಿ ಸಿಕ್ಕಿದ್ದು ಮೇಲಿನ ನಾಲ್ಕು ಬೆರಳಷ್ಟು ಪಟ್ಟಿ: ಆಕಾಶ, ತೆಂಗಿನ ಮರಗಳ ತಲೆ, ಅದರಲ್ಲೊಂದು ಮರ ಹೊಳೆಯ ಕಡೆಗೆ ಬಾಗಿದ್ದು. ಅದರ ಕೆಳಗೆಲ್ಲ ಬೂದಿ ಬಣ್ಣ. ಅದನ್ನು ಪ್ರಿಂಟ್ ಹಾಕಿ ಲಕೋಟೆಯಲ್ಲಿಟ್ಟಿದ್ದೆ.

ತಲಪಾಡಿ, ಕುಂಜತ್ತೂರು

ಮಂಗಳೂರಿನಲ್ಲಿ ಸಿಕ್ಕಿದ ಬಸ್ಸು ಹತ್ತಿದೆ. ಅದು ತಲಪಾಡಿಗೇ ಮುಗಿಯಿತು. ಅಲ್ಲಿಂದ ಗಡಿ ನಾಲ್ಕು ಹೆಜ್ಜೆ. ಹೀಗೆ ನಾನು ಚೀಲ ಹೊತ್ತುಕೊಂಡು ನಡೆದೇ ಪರರಾಜ್ಯ ಪ್ರವೇಶ ಮಾಡಿದೆ. ಯಾರೂ ತಡೆಯಲಿಲ್ಲ, ಏನೂ ಕೇಳಲಿಲ್ಲ. ಬೋರ್ಡಿನ ಅಕ್ಷರ ಮಾತ್ರ ಬದಲಾಯಿತು. ಕನ್ನಡ ಅಕ್ಷರವೇ ಜಿಲೇಬಿ ಎನ್ನುತ್ತಾರೆ; ಮಲಯಾಳ ಅಕ್ಷರ ಅದನ್ನೇ ಇನ್ನೊಂದು ಸುತ್ತು ಸುತ್ತಿದಂತೆ ಕಂಡಿತು.

ಮುಂದಿನ ಬಸ್ಸಿನ ಕಂಡಕ್ಟರ್ ಮಲಯಾಳದಲ್ಲಿ ಕೇಳಿದ, ನನ್ನ ಮುಖ ನೋಡಿ ತುಳುವಿನಲ್ಲಿ ಕೇಳಿದ, ಕೊನೆಗೆ ಕನ್ನಡಕ್ಕೆ ಬಂದ. ನಮ್ಮಲ್ಲಿ ಹುಬ್ಬಳ್ಳಿಯವನ ಕನ್ನಡ ಕೇಳಿದರೇ ಹಾವೇರಿಯವರು ನಗುತ್ತಾರೆ. ಇಲ್ಲಿ ಒಂದೇ ಮನುಷ್ಯ ಚಿಲ್ಲರೆ ಎಣಿಸುತ್ತಲೇ ಮೂರು ಭಾಷೆ ದಾಟಿ ಬಂದ.

ಶಿರಿಯಕ್ಕೆ ಟಿಕೆಟ್ ತೆಗೆಸಿದವನು ಕುಂಜತ್ತೂರಿನಲ್ಲೇ ಇಳಿದುಬಿಟ್ಟೆ. ಯಾಕೆಂದು ಈಗ ಬರೆಯಬಹುದು: ಹೆದರಿಕೆ. ರಸ್ತೆ ಪಕ್ಕದ ಹೋಟೆಲಿನಲ್ಲಿ ಚಹಾ ಹೇಳಿ ಕುಳಿತೆ. ಒಂದು ಮುಗಿಯಿತು, ಇನ್ನೊಂದು ಹೇಳಿದೆ.

"ಎಲ್ಲಿಗೆ ಹೋಗ್ಲಿಕ್ಕುಂಟು?" ಹೋಟೆಲಿನವರು ಕೇಳಿದರು.

"ಶಿರಿಯಕ್ಕ್ರಿ."

"ಮತ್ತೆ ಇಲ್ಲಿ ಇಳಿದದ್ದೆಂತಕ್ಕೆ?"

"ಚಹಾ ಕುಡಿಯೋಣಂತ."

"ಶಿರಿಯದಲ್ಲಿ ಚಾ ಇಲ್ವಾ ಮಾರಾಯ್ರೇ?" ಅವರು ನನ್ನ ಚೀಲ ನೋಡಿದರು, ಮುಖ ನೋಡಿದರು. "ಹೆಣ್ಣು ನೋಡ್ಲಿಕ್ಕೆ ಬಂದದ್ದಾ?"

"ಇಲ್ರಿ, ತಂಗಿ ಮನಿ."

"ತಂಗಿ ಮನೆಗೆ ಹೋಗ್ಲಿಕ್ಕೆ ಎರಡು ಚಾ ಬೇಕಾ?" ಎಂದು ನಕ್ಕು, ಬಂದ ಬಸ್ಸನ್ನು ತಾವೇ ಕೈ ಅಡ್ಡ ಹಿಡಿದು ನಿಲ್ಲಿಸಿ ನನ್ನನ್ನು ಹತ್ತಿಸಿದರು. ಅವರು ಹಾಗೆ ಮಾಡದಿದ್ದರೆ ಮೂರನೆಯ ಚಹಾ ಕುಡಿದು ನಾನು ಹಿಂದಿನ ದಾರಿ ಹಿಡಿಯುತ್ತಿದ್ದೆ.

ಶಿರಿಯ, ಮೊದಲ ಸಂಜೆ

ತಂಗಿ ರಸ್ತೆಯವರೆಗೆ ಬಂದು ನಿಂತಿದ್ದಳು. "ಎಂತ ಅಣ್ಣಾ, ಇಷ್ಟು ತಡ?" ಎಂದಳು. ಮರುಕ್ಷಣವೇ ರೊಟ್ಟಿಯ ಗಂಟು ಮೂಸಿ ನೋಡಿ, "ಯವ್ವಾ, ಸಜ್ಜೀದೂ ತಂದೀಯೇನ!" ಎಂದು ಬ್ಯಾಡಗಿಯ ಹುಡುಗಿಯಾದಳು. ಆ ನಾಲ್ಕು ದಿನ ಅವಳು ಹೀಗೆಯೇ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟು ಮಾತಾಡಿದಳು. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಬರುತ್ತಿರಲಿಲ್ಲ. ಆ ಮನೆಯ ಹುಡುಗಿ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಕಾಲುಗಂಟೆಯಲ್ಲಿ ಒಂದು ಬುಟ್ಟಿ ಮೀನು ಶುಚಿ ಮಾಡಿದಳು. ನಾನು ತೆಂಗಿನ ಮರ ನೋಡುತ್ತಾ ಕುಳಿತೆ.

ಒಳಗಿನ ಗೋಡೆಯ ಮೇಲೆ ನಾನು ಕಳಿಸಿದ ಚೌಕಟ್ಟು ಇತ್ತು. ಕೆಂಪು ರೇಷ್ಮೆ ಸೀರೆ, ಗೋಧಿ ಬಣ್ಣದ ನುಣುಪು ಗಲ್ಲ, ಮುಚ್ಚಿದ ತುಟಿ. ಹರೀಶ ಮೊದಲು ಅದರ ಮುಂದೆ ನನ್ನನ್ನು ನಿಲ್ಲಿಸಿ, "ಭಾವ ಮಾಡಿದ್ದು ಇದು," ಎಂದು ನೆರೆಯ ಇದ್ದಿನಬ್ಬನಿಗೆ ಹೆಮ್ಮೆಯಿಂದ ಹೇಳಿದ. ಇದ್ದಿನಬ್ಬ ಹೊಳೆಯಲ್ಲಿ ಬೀಸುಬಲೆ ಹಾಕುವವರು, ಅರವತ್ತು ದಾಟಿದ, ಕರಾವಳಿಯ ಬ್ಯಾರಿ ಮುಸಲ್ಮಾನರು. ಸುಂದರಿಯಮ್ಮನ ಜೊತೆ ನಲವತ್ತು ವರ್ಷ ಅದೇ ನೀರಿನಲ್ಲಿ ನಿಂತವರು.

"ಒಳ್ಳೆ ಉಂಟು," ಎಂದರು ಅವರು. "ಆದರೆ ಇದು ಸುಂದರಿಯಕ್ಕನ ಹಾಗೆ ಇಲ್ಲ. ಬ್ಯಾಂಕ್ ಮ್ಯಾನೇಜರನ ಹೆಂಡತಿಯ ಹಾಗೆ ಉಂಟು."

ಎಲ್ಲರೂ ನಕ್ಕರು. ಹರೀಶನೂ ನಕ್ಕ. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ತಂಗಿ ರೊಟ್ಟಿ ತಂದು ಮುಂದಿಟ್ಟಳು. ಇದ್ದಿನಬ್ಬ ಒಂದು ತುಂಡು ಮುರಿದು ಕಿವಿಯ ಹತ್ತಿರ ಹಿಡಿದರು. "ಇದು ಹಪ್ಪಳವಾ, ರೊಟ್ಟಿಯಾ?"

"ರೊಟ್ಟಿರಿ. ತಿಂಗಳು ಇಟ್ಟರೂ ಕೆಡೂದಿಲ್ಲ."

"ಹಲ್ಲು ಕೆಡ್ತದಲ್ಲ ಮಾರಾಯ್ರೇ," ಎಂದು ಇನ್ನೊಂದು ತುಂಡು ತೆಗೆದುಕೊಂಡರು.

ಆಗ ಹೇಳಬಹುದಿತ್ತು. ಎಲ್ಲರೂ ಒಟ್ಟಿಗಿದ್ದರು, ನಗುತ್ತಿದ್ದರು. ನಾನು ಎರಡನೆಯ ಸಲ ಅನ್ನ ಹಾಕಿಸಿಕೊಂಡೆ. ಆ ಕುಚ್ಚಲಕ್ಕಿ ಅನ್ನ ಅಗಿಯುತ್ತಿದ್ದರೆ ಬಾಯಿಗೆ ಬೇರೆ ಕೆಲಸ ಕೊಡಬೇಕಾಗಿಲ್ಲ.

ಮೊದಲ ಇಳಿತ

ಮರುದಿನ ಬೆಳಿಗ್ಗೆ ತಂಗಿ ನನ್ನನ್ನು ಹೊಳೆಗೆ ಕರೆದುಕೊಂಡು ಹೋದಳು. ಅತ್ತೆ ಹಾಸಿಗೆ ಹಿಡಿದ ಮೇಲೆ ಅವಳು ಕ್ಯಾಮೆರಾ ಮುಟ್ಟಿರಲಿಲ್ಲವಂತೆ. ಈ ಚಳಿಗಾಲ ಮತ್ತೆ ಶುರು ಮಾಡಿದ್ದಳು.

ನಾನು ಬಿಳಿ ಅಂಗಿ ಹಾಕಿ, ಕ್ಯಾಮೆರಾಕ್ಕೆ ಫ್ಲ್ಯಾಶ್ ಸಿಕ್ಕಿಸಿಕೊಂಡು ಹೊರಟಿದ್ದೆ. ದಾರಿಯಲ್ಲಿ ಬಲೆ ಹೊತ್ತು ಬಂದ ಇದ್ದಿನಬ್ಬ ನಿಂತು ನೋಡಿದರು. "ಎಂತ, ಕೊಕ್ಕರೆಗೆ ಮದುವೆಯಾ ಇವತ್ತು?"

ನಮ್ಮೂರಿನ ಕೆರೆ ನೀರು ಬೇಸಿಗೆಯಲ್ಲಿ ಬತ್ತಿದರೆ ಮತ್ತೆ ಮಳೆಗಾಲದವರೆಗೆ ಕಾಯಬೇಕು. ಇಲ್ಲಿ ಹೊಳೆ ದಿನಕ್ಕೆ ಎರಡು ಸಲ ಬರಿದಾಗಿ, ಎರಡು ಸಲ ತುಂಬುತ್ತದೆ. ನೀರು ಇಳಿದಾಗ ಮಧ್ಯದಲ್ಲಿ ಮರಳದಿಣ್ಣೆಗಳು ಬೆನ್ನೆತ್ತುತ್ತವೆ. ಅವುಗಳ ಸುತ್ತ ಒಂದು ಗೇಣು ನೀರು, ಹೊಳೆಯುವ ಕೆಸರು. ಆ ಗೇಣು ನೀರಿಗಾಗಿ ಹಕ್ಕಿಗಳು ಎಲ್ಲೆಲ್ಲಿಂದಲೋ ಬರುತ್ತವೆ. ಕೆಲವು ಹಿಮದ ನಾಡಿನಿಂದ ಬರುತ್ತವೆ ಎಂದು ತಂಗಿ ಹೇಳಿದಳು. ಅವುಗಳ ಪಾಲಿಗೆ ಪರದೇಶ ಪ್ರವಾಸ ಎಂದರೆ ಶಿರಿಯ.

ಹಕ್ಕಿಗಳನ್ನು ಕಂಡದ್ದೇ ನಾನು ಮದುವೆ ಮನೆಯಲ್ಲಿ ನಡೆದಂತೆ ನೇರ ಅವುಗಳ ಕಡೆಗೆ ನಡೆದೆ. ನಾಲ್ಕನೆಯ ಹೆಜ್ಜೆಗೆ ಒಂದು ಚಪ್ಪಲಿ ಕೆಸರಿನೊಳಗೆ ಹೋಯಿತು. ಬಗ್ಗಿ ತಡಕಿದೆ, ಸಿಗಲಿಲ್ಲ. ಅದು ಈಗಲೂ ಅಲ್ಲೇ ಇದೆ. ಎದ್ದು ನಿಂತು ಫ್ಲ್ಯಾಶ್ ಹೊಡೆದೆ. ಹೊಳೆಯ ಆ ಭಾಗದಲ್ಲಿದ್ದ ಎಲ್ಲ ಹಕ್ಕಿಗಳೂ ಒಟ್ಟಿಗೆ ಎದ್ದು ಅಳಿವೆಯ ಕಡೆ ಹೋದವು.

ತಂಗಿ ಬೈಯಲಿಲ್ಲ. "ಅಣ್ಣಾ, ಇವು ಬೀಗರಲ್ಲ," ಎಂದಳು. "ನಿಲ್ಲು ಅಂದ್ರ ನಿಲ್ಲೂದಿಲ್ಲ."

ಆಮೇಲೆ ಅವಳು ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಬೇಕಾದೀತು. ಹಕ್ಕಿಯ ಹತ್ತಿರ ನಾವು ಹೋಗಬಾರದು. ಅದು ಮೇಯುತ್ತಾ ಯಾವ ದಿಕ್ಕಿಗೆ ಬರುತ್ತಿದೆ ಎಂದು ದೂರದಿಂದಲೇ ನೋಡಿಕೊಂಡು, ಮೊದಲೇ ಹೋಗಿ ಆ ದಾರಿಯಲ್ಲಿ ಕೂರಬೇಕು. ನಿಂತು ತೆಗೆದರೆ ಹಕ್ಕಿಯ ಬೆನ್ನು ಮಾತ್ರ ಸಿಗುತ್ತದೆ. ಅವಳು ಗೊಬ್ಬರದ ಖಾಲಿ ಚೀಲ ಹಾಸಿ, ಹೊಟ್ಟೆಯ ಮೇಲೆ ಮಲಗಿ, ಕ್ಯಾಮೆರಾವನ್ನು ನೀರಿನಿಂದ ಒಂದು ಗೇಣು ಮೇಲೆ ಹಿಡಿಯುತ್ತಿದ್ದಳು. ಆಗ ಹಕ್ಕಿಯ ಕಣ್ಣೂ ನಮ್ಮ ಕಣ್ಣೂ ಒಂದೇ ಮಟ್ಟಕ್ಕೆ ಬರುತ್ತವೆ. ಕಣ್ಣು ಸ್ಪಷ್ಟವಾಗಿ ಬಂದರೆ ಉಳಿದದ್ದು ಸ್ವಲ್ಪ ಮಸುಕಾದರೂ ನಡೆಯುತ್ತದೆ. ನನ್ನ ಬಿಳಿ ಅಂಗಿ ಕೆಸರಿನ ಬಣ್ಣಕ್ಕೆ ಬಂದದ್ದು ಹೀಗೆ.

ಅರ್ಧ ಗಂಟೆಯ ಮೇಲೆ ಹಕ್ಕಿಗಳು ಮರಳಿದವು. ಮೊದಲು ಸಣ್ಣವು, ಮುಷ್ಟಿಗಾತ್ರದವು. ನಾಲ್ಕು ಹೆಜ್ಜೆ ಓಡುತ್ತವೆ, ಏನೋ ನೆನಪಾದಂತೆ ನಿಲ್ಲುತ್ತವೆ, ಕುಕ್ಕುತ್ತವೆ, ಮತ್ತೆ ಓಡುತ್ತವೆ. ಬ್ಯಾಂಕಿಗೆ ಬಂದು ಕಾಗದ ಮರೆತವರ ಹಾಗೆ. ಇನ್ನೊಂದು ಜಾತಿಯದು ಬಾಲ ಕುಣಿಸುವುದನ್ನು ನಿಲ್ಲಿಸುವುದೇ ಇಲ್ಲ. ಕುಡಗೋಲಿನಂತೆ ಬಾಗಿದ ಕೊಕ್ಕಿನ ದೊಡ್ಡದೊಂದು ಏಡಿಯ ಬಿಲಕ್ಕೆ ಕೊಕ್ಕು ಪೂರ್ತಿ ಇಳಿಸಿ, ಏಡಿ ಎಳೆದು, ನೀರಿನಲ್ಲಿ ಜಾಲಾಡಿಸಿ ತೊಳೆದು ಆಮೇಲೆ ನುಂಗಿತು. "ನಮ್ಮವ್ವ ಪಲ್ಲೆ ತೊಳದಂಗ," ಎಂದೆ. ತಂಗಿ ನಗುತ್ತಾ ಕ್ಯಾಮೆರಾ ಅಲುಗಾಡಿಸಿಬಿಟ್ಟಳು.

ನಾನು ಬೆಳ್ಳಕ್ಕಿಯ ಒಂದು ಫೋಟೋ ತೆಗೆದು ಹೆಮ್ಮೆಯಿಂದ ತೋರಿಸಿದೆ. ಅದರಲ್ಲಿ ಬಿಳಿ ಬಟ್ಟೆಯ ಗಂಟಿನಂಥದ್ದೊಂದು ಇತ್ತು, ಒಂದು ಗರಿಯೂ ಕಾಣುತ್ತಿರಲಿಲ್ಲ. ಮುಖ ಬೆಳ್ಳಗೆ ಬರಲಿ ಎಂದು ಬೆಳಕು ಜಾಸ್ತಿ ಮಾಡುವುದು ನಮ್ಮ ಸ್ಟುಡಿಯೋದ ಪದ್ಧತಿ. ಬೆರಳು ಅದನ್ನೇ ಮಾಡಿತ್ತು.

"ಬೆಳ್ಳಕ್ಕೀನೂ ಬೆಳ್ಳಗ ಮಾಡಬೇಕೇನಣ್ಣಾ?" ಎಂದಳು. "ಬೆಳಕು ಕಮ್ಮಿ ಮಾಡು. ಅದು ಹೆಂಗೈತಿ ಹಂಗ ಬರಲಿ."

ಅವಳು ಗೋಡೆಯ ಮೇಲಿನ ಚೌಕಟ್ಟನ್ನು ನೆನೆದು ಹೇಳಿದ್ದಲ್ಲ. ನನಗೆ ಮಾತ್ರ ಅದೇ ಕಣ್ಣ ಮುಂದೆ ಬಂತು.

ವಾಪಸು ಬರುವಾಗ ಅವಳು ಕ್ಯಾಮೆರಾದ ಕಾರ್ಡು ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದನ್ನು ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಯನ್ನು ಒಣ ಟವೆಲಿನಲ್ಲಿ ಕಟ್ಟಿದಳು. "ಈಗ ಶಾಣ್ಯಾಕಿ ಆಗೀನಿ," ಎಂದಳು. ನಾನು ಒಂದೇ ಚಪ್ಪಲಿಯಲ್ಲಿ ಹಿಂದೆ ಬರುತ್ತಿದ್ದೆ. ನನ್ನ ಮುಖ ಅವಳಿಗೆ ಕಾಣಲಿಲ್ಲ.

ಎರಡನೆಯ ಇಳಿತ

ಇಳಿತ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡವಾಗುತ್ತಾ ಹೋಗುತ್ತದೆ. ಎರಡನೆಯ ದಿನ ನಾವು ಚಹಾ ಕುಡಿದು ನಿಧಾನ ಹೊರಟೆವು. ಅಂದು ಸಂಜೆ ವರ್ಷದ ಎಲೆ ಹಾಕಿ ಸುಂದರಿಯಮ್ಮನಿಗೆ ಬಡಿಸುವುದಿತ್ತು. ಅವರಿಗೆ ಇಷ್ಟವಾದ ಮರುವಾಯಿ ಪುಂಡಿ ಎಲೆಯಲ್ಲಿರಬೇಕು, ಅಂದರೆ ಮರುವಾಯಿ ಹಾಕಿದ ಗಟ್ಟಿ ಸಾರಿನಲ್ಲಿ ಅಕ್ಕಿಯ ಉಂಡೆ. ಅಂಗಡಿಯ ಮರುವಾಯಿ ಬೇಡ, ಇದೇ ಹೊಳೆಯದ್ದು ಆಗಬೇಕೆಂದು ತಂಗಿ ಬುಟ್ಟಿ ತಂದಿದ್ದಳು.

ಈ ಸಲ ಅವಳು ನನ್ನನ್ನು ಬೇರೆ ದಿಣ್ಣೆಗೆ ಕರೆದುಕೊಂಡು ಹೋದಳು. "ನನ್ನ ಹಳೇ ಜಾಗ," ಎಂದಳು. ಇಬ್ಬರೂ ಚೀಲ ಹಾಸಿ ಪಕ್ಕಪಕ್ಕ ಮಲಗಿದೆವು. ಚಿಕ್ಕವರಿದ್ದಾಗ ಮಾಳಿಗೆಯ ಮೇಲೆ ಹೀಗೆ ಮಲಗುತ್ತಿದ್ದೆವು.

ಒಂದು ಬೆಳ್ಳಕ್ಕಿ ಮೇಯುತ್ತಾ ನಮ್ಮ ಕಡೆಗೇ ಬರುತ್ತಿತ್ತು. ಕಪ್ಪು ಕಾಲು, ಹಳದಿ ಪಾದ. ಒಂದು ಪಾದ ಮುಂದೆ ಚಾಚಿ ಕೆಸರಿನಲ್ಲಿ ನಡುಗಿಸುತ್ತದೆ, ಅಡಗಿದ ಮೀನು ಗಾಬರಿಯಾಗಿ ಹೊರಬರುತ್ತದೆ, ಕೊಕ್ಕು ಬೀಳುತ್ತದೆ.

"ಅತ್ತೆ ಹಿಂಗ ಕಾಲಾಡಿಸ್ತಿದ್ರು," ತಂಗಿ ಪಿಸುಗುಟ್ಟಿದಳು. "ನಾ ಹಕ್ಕಿಯಿಂದ ಕಲ್ತದ್ದಾ, ಹಕ್ಕಿ ನನ್ನಿಂದ ಕಲ್ತದ್ದಾ ಅಂತ ಕೇಳ್ತಿದ್ರು."

ನಾನು ಕ್ಯಾಮೆರಾ ಎತ್ತಿದೆ. ಹಕ್ಕಿಯ ಕಣ್ಣಿನ ಮೇಲೆ ಫೋಕಸ್ ಕೂರಿಸಿದೆ. ಹಕ್ಕಿಯ ಹಿಂದೆ ನೀರು, ನೀರಿನಾಚೆ ದಡ, ದಡದಲ್ಲಿ ತೆಂಗಿನ ಸಾಲು. ಸಾಲಿನಲ್ಲಿ ಒಂದು ಮರ ಹೊಳೆಯ ಕಡೆಗೆ ಬಾಗಿತ್ತು.

ಆ ಮರಗಳ ತಲೆ ಒಂದೊಂದೂ ನನಗೆ ಗೊತ್ತಿತ್ತು. ಮೂರು ವರ್ಷ ಲಕೋಟೆಯಿಂದ ತೆಗೆದು ತೆಗೆದು ನೋಡಿದ್ದೆ. ಪಟ್ಟಿಯಲ್ಲಿ ಅವುಗಳ ಕೆಳಗೆ ಬರೀ ಬೂದಿ ಬಣ್ಣ. ಇಲ್ಲಿ ಅದೇ ಮರಗಳ ಕೆಳಗೆ ಬಿಸಿಲು ಬಿದ್ದ ನೀರು, ಮೇಯುವ ಹಕ್ಕಿಗಳು, ಅವುಗಳ ನೆರಳು. ಒಬ್ಬರು ಮಾತ್ರ ಇರಲಿಲ್ಲ.

"ಒತ್ತು ಅಣ್ಣಾ, ಈಗ ಒತ್ತು," ಎನ್ನುತ್ತಿದ್ದಳು ತಂಗಿ.

"ಸುಮಾ, ಆ ಕಾರ್ಡು ಕೆಟ್ಟಿರಲಿಲ್ಲ," ಎಂದೆ.

ಅವಳು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ಎಲ್ಲ ಹೇಳಿದೆ. ಡಬ್ಬಿ, ಮದುವೆ, ಫಾರ್ಮ್ಯಾಟ್, ಫೋನಿನಲ್ಲಿ "ಇರಬೇಕು" ಅಂದದ್ದು. ಅಂಗಿಯೊಳಗಿನಿಂದ ಲಕೋಟೆ ತೆಗೆದು ಅವಳ ಮುಂದಿಟ್ಟೆ. ಬೆಳ್ಳಕ್ಕಿ ನಮ್ಮಿಂದ ಎರಡು ಮಾರು ದೂರದವರೆಗೆ ಬಂದು, ಮೀನು ಹಿಡಿದು, ದಾಟಿ ಹೋಯಿತು. ಇಬ್ಬರೂ ಒತ್ತಲಿಲ್ಲ.

ಅವಳು ಎದ್ದು ಕುಳಿತು ಪಟ್ಟಿಯನ್ನು ನೋಡಿದಳು, ತಲೆಯೆತ್ತಿ ಮರಗಳನ್ನು ನೋಡಿದಳು.

"ನೀ ನೋಡಿದ್ದೇನು ಆ ಫೋಟೋ? ಅಳಿಸೂಕಿಂತ ಮೊದಲು?"

"ನೋಡಿದ್ದೆ."

"ಹೆಂಗಿತ್ತು?"

"ನಾನು ಒಂದೂ ಅಂಥಾದ್ದು ತಗದಿಲ್ಲ. ಹೊಟ್ಟಿಕಿಚ್ಚಾತು."

"ಅದನ್ನ ಆವತ್ತ ಹೇಳಿದ್ರ ಎಷ್ಟು ಖುಷಿ ಆಗ್ತಿತ್ತು ನನಗ," ಎಂದಳು. ಆಮೇಲೆ ಅವಳ ದನಿ ಏರಿತು. "ಮೂರು ವರ್ಷ ನನ್ನ ಕಿಸೆ ಬೈಕೊಂಡೆ. ಅತ್ತೀ ಮುಂದ ಕುಂತು ಅತ್ತುಬಿಟ್ಟೆ. ನ್ಯಾಯವಾಗಿ ನಾನು ಅವರ ಮುಂದ ಅಳಬಾರದಿತ್ತು. ಫೋಟೋ ಕೊಡೋ ವಿಚಾರ ಅವರಿಗೆ ಗುಟ್ಟಾಗಿತ್ತು. ಅತ್ತು ಗುಟ್ಟೂ ಹೋತು. ಅವರು ಏನಂದ್ರು ಗೊತ್ತೈತೇನು? 'ನನ್ನ ಹಲ್ಲೇ ಹೋಗಿದೆ, ಪಟ ಹೋದದ್ದು ದೊಡ್ಡದಾ ಮಗಾ' ಅಂದ್ರು. ನೀ ಮಾಡಿದ್ದಕ್ಕ ಅವರು ನನ್ನ ಸಮಾಧಾನ ಮಾಡಿದ್ರು, ಅಣ್ಣಾ."

ನನಗೆ ಇದು ಗೊತ್ತಿರಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. "ಈಗ ಬ್ಯಾಡ."

ಕ್ಯಾಮೆರಾವನ್ನು ನನ್ನ ತೊಡೆಯ ಮೇಲಿಟ್ಟು, ಬುಟ್ಟಿ ತೆಗೆದುಕೊಂಡು ಅವಳು ನೀರಿಗಿಳಿದಳು. ನನಗೆ ಬೆನ್ನು ಮಾಡಿ ನಿಂತು ಪಾದದಿಂದ ಕೆಸರು ತಡಕತೊಡಗಿದಳು. ಒಂದು ಸಿಕ್ಕಿತು, ಬಗ್ಗಿ ತೆಗೆದು ಬುಟ್ಟಿಗೆ ಹಾಕಿದಳು. ಇನ್ನೊಂದು. ನಡುವೆ ಎರಡು ಸಲ ತೋಳಿನಿಂದ ಮುಖ ಒರೆಸಿಕೊಂಡಳು. ಹಕ್ಕಿಗಳು ಸ್ವಲ್ಪ ದೂರ ಸರಿದು, ಅವಳಿಂದ ಅಪಾಯವಿಲ್ಲ ಎಂದು ಕಂಡ ಮೇಲೆ ಒಂದೊಂದಾಗಿ ಹತ್ತಿರ ಬಂದು ಮೇಯತೊಡಗಿದವು. ಅವಳು ಕದಡಿದ ಕೆಸರಿನಲ್ಲಿ ಅವುಗಳಿಗೂ ಏನೋ ಸಿಗುತ್ತಿತ್ತು.

ಜೀವಮಾನವಿಡೀ ಜನರಿಗೆ "ಸ್ವಲ್ಪ ನಗ್ರಿ, ಈ ಕಡೆ ನೋಡ್ರಿ" ಎಂದವನು ನಾನು. ಆಗ ಏನೂ ಅನ್ನಲಿಲ್ಲ. ಅವಳ ಕ್ಯಾಮೆರಾ ಎತ್ತಿ ಒಂದೇ ಒಂದು ಒತ್ತಿದೆ. ಅದು ಸರಿಯಾಗಿ ಬಂದಿಲ್ಲ. ಮುಂದಿನ ಹಕ್ಕಿಯ ಮೇಲೆ ಫೋಕಸ್ ಕೂತಿದೆ, ತಂಗಿ ಮಸುಕಾಗಿದ್ದಾಳೆ. ಅಳಿಸಲಿಲ್ಲ.

ಬುಟ್ಟಿ ತುಂಬಿದ ಮೇಲೆ ಅವಳು ದಡಕ್ಕೆ ಬಂದಳು. "ನನಗ ಹೇಳಿದ್ದು ಆತು. ಸಂಜೀಗೆ ಎಲಿ ಮುಂದ ಅತ್ತೀಗೆ ಹೇಳು. ನಮ್ಮ ಮನಿಯವರೂ ಕೇಳಲಿ, ಅವರ ತಾಯಿ ಅಲ್ಲೇನು? ಮನಸಿನಾಗ ಅಂದ್ಕೊಳ್ಳೂದಲ್ಲ. ಬಾಯಿ ಬಿಟ್ಟು ಹೇಳು."

ಬುಟ್ಟಿ ನಾನು ಹೊತ್ತೆ. ದಾರಿಯಲ್ಲಿ ಇದ್ದಿನಬ್ಬ ಸಿಕ್ಕರು. ನಮ್ಮಿಬ್ಬರ ಮುಖ ನೋಡಿದವರು ಈ ಸಲ ತಮಾಷೆ ಮಾಡಲಿಲ್ಲ. ಬುಟ್ಟಿಯೊಳಗೆ ಇಣುಕಿ, "ದಪ್ಪ ಉಂಟು. ಸುಂದರಿಯಕ್ಕನಿಗೆ ಖುಷಿಯಾದೀತು," ಎಂದು ಮುಂದೆ ಹೋದರು.

ಎಲೆ ಹಾಕಿದ ಸಂಜೆ

ನಮ್ಮಲ್ಲಿ ಸತ್ತವರಿಗೆ ಎಡೆ ಹಿಡಿದು, ಕೈಮುಗಿದು, ಅಲ್ಲೇ ಕುಳಿತು ಊಟ ಮಾಡಿ ಏಳುತ್ತೇವೆ. ಶಿರಿಯದ ಆ ಮನೆಯ ಪದ್ಧತಿ ಬೇರೆ. ದೀಪ ಹಚ್ಚಿ, ಬಾಳೆಯೆಲೆ ಹಾಕಿ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಉಣ್ಣಲು ಬನ್ನಿ ಎಂದು ಬಾಯಿಬಿಟ್ಟು ಕರೆಯುತ್ತಾರೆ. ಹೇಳುವುದೇನಿದ್ದರೂ ಆಗ ಹೇಳುತ್ತಾರೆ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ ಅಂಗಳದಲ್ಲಿ ನಿಲ್ಲುತ್ತಾರೆ. ಬಂದವರು ಯಾರ ಹಂಗೂ ಇಲ್ಲದೆ ಉಂಡು ಹೋಗಲಿ ಎಂದು. ಮತ್ತೆ ಒಳಗೆ ಹೋಗುವಾಗ ತಮ್ಮದೇ ಮನೆಯ ಬಾಗಿಲನ್ನು ತಟ್ಟಿ ಹೋಗುತ್ತಾರೆ. ಇದು ನನಗೆ ಬಹಳ ಹಿಡಿಸಿತು.

ಹೊರಗೆ ಇನ್ನೂ ಬೆಳಕಿತ್ತು. ತಂಗಿ ಮರುವಾಯಿ ಪುಂಡಿ ಬಡಿಸಿದಳು. ಒಣಮೀನಿನ ಚಟ್ನಿ, ಕುಚ್ಚಲಕ್ಕಿ ಅನ್ನ, ಎಲೆ ಅಡಿಕೆ ಇಟ್ಟಳು. ಕೊನೆಗೆ ಒಳಗಿನಿಂದ ಒಂದು ಸಜ್ಜೆ ರೊಟ್ಟಿ ತಂದು ಎಲೆಯ ತುದಿಗಿಟ್ಟಳು. "ನಿನ್ನ ಅಣ್ಣ ಬಂದರೆ ಆ ರೊಟ್ಟಿ ತರ್ಲಿಕ್ಕೆ ಹೇಳು ಅಂತಿದ್ರು," ಎಂದಳು. ಎಂಟು ವರ್ಷ ಅವರು ಕೇಳಿದ್ದ ರೊಟ್ಟಿ.

ನನ್ನ ಚೌಕಟ್ಟು ಗೋಡೆಯ ಮೇಲೆಯೇ ಇತ್ತು. ತಂಗಿ ಲಕೋಟೆಯಿಂದ ಆ ಪಟ್ಟಿಯನ್ನು ತೆಗೆದು ದೀಪದ ಪಕ್ಕದಲ್ಲಿ, ಎಲೆಯ ತಲೆಯ ಹತ್ತಿರ, ಚೆಂಬಿಗೆ ಒರಗಿಸಿ ನಿಲ್ಲಿಸಿದಳು.

ಹರೀಶ ಬಗ್ಗಿ ನೋಡಿದ. "ಇದು ನಮ್ಮ ಹೊಳೆಯ ಆಚೆ ದಡ ಅಲ್ವಾ? ಕೆಳಗೆ ಎಂತ ಇಲ್ವಲ್ಲ?"

"ಅಣ್ಣ ಹೇಳ್ತಾನೆ," ಎಂದಳು ತಂಗಿ.

ಹರೀಶ ಮೊದಲು ಕೈಮುಗಿದು ತುಳುವಿನಲ್ಲಿ ತಾಯಿಯನ್ನು ಕರೆದ. ತಂಗಿ ಕರೆದಳು, ಅದೂ ತುಳುವಿನಲ್ಲೇ. ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು. ನನಗೆ ತುಳು ಬರುವುದಿಲ್ಲ. ಎಲೆಯಿಂದ ಬಿಸಿ ಆವಿ ಏಳುತ್ತಿತ್ತು. ಪಟ್ಟಿಯ ಬೂದಿ ಬಣ್ಣದ ಮೇಲೆ ದೀಪದ ಬೆಳಕು ಆಡುತ್ತಿತ್ತು. ನನಗೆ ಬರುವ ಒಂದೇ ಮಾತಿನಲ್ಲಿ, ನಮ್ಮೂರಿನ ಮಾತಿನಲ್ಲಿ, ಅಂಗಳದಲ್ಲಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಸುಂದರಿಯಮ್ಮಾ, ನಾನ್ರಿ, ಸುಮಂಗಲಾನ ಅಣ್ಣ. ನಿಮ್ಮ ನಗೀ ಅಳಿಸಿದವ ನಾನು. ಹೊಳಿ ನೀರಲ್ಲ, ನಿಮ್ಮ ಸೊಸಿ ಕಿಸೆ ಅಲ್ಲ, ನಾನು. ಅಳಿಸಿ, ಸುಳ್ಳು ಹೇಳಿ, ಆಮೇಲೆ ನಿಮ್ಮದಲ್ಲದ ಸೀರಿ ಉಡಿಸಿ, ನಿಮ್ಮದಲ್ಲದ ಮುಖ ಮಾಡಿ ಗ್ವಾಡಿಗೆ ಹಾಕಿಸಿದೆ. ನೀವು ಕರೆದಾಗ ಒಮ್ಮಿನೂ ಬರಲಿಲ್ಲ. ಹರೀಶಾ, ನಿಮ್ಮ ತಾಯಿ ಫೋಟೋ ಹಾಳು ಮಾಡಿದವ ನಾನು, ತಪ್ಪಾತು. ತಂಗೀ, ತಪ್ಪಾತವಾ. ತಪ್ಪಾತ್ರಿ ಸುಂದರಿಯಮ್ಮಾ, ಉಣ್ಣಾಕ ಬರ್ರಿ."